ಬ್ಯಾಗಿನ ಪಟ್ಟಿಯ ಕೆಳಗಿನ ಗಂಟು

ನಾನು ಬಸ್ ಕಂಡಕ್ಟರ್. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗಿ ಬರುವ ರೂಟು ನನ್ನದು. ಬೆಳಗಿನ ಒಂದು ಟ್ರಿಪ್ಪು ಮಾತ್ರ ಸೋಸಲೆಯವರೆಗೆ. ಈ ಕೆಲಸ ನನಗೆ ಇಷ್ಟ ಎಂದರೆ ನಂಬುವವರು ಕಡಿಮೆ. ಗಂಡಸರ ಮಧ್ಯೆ ನುಗ್ಗಾಡಿಕೊಂಡು ಅದೇನು ಕರ್ಮ ಎಂದು ನೆಂಟರು ಮುಖ ಹಿಂಡುತ್ತಾರೆ. ನಾನು ಎರಡು ದಿನ ಮನೆಯಲ್ಲಿ ಕೂತರೆ ಅತ್ತೆಗೂ ನನಗೂ ಮಾತಿಗೆ ಮಾತು ಬೆಳೆಯುತ್ತದೆ. ಬಸ್ಸಿನಲ್ಲಾದರೆ ಬೈಯುವುದಕ್ಕೆ ಬೇಕಾದಷ್ಟು ಜನ ಸಿಗುತ್ತಾರೆ, ಬೈದದ್ದಕ್ಕೆ ತಿಂಗಳಿಗೊಮ್ಮೆ ಸಂಬಳವೂ ಬರುತ್ತದೆ. ಇಂಥ ಕೆಲಸ ಬೇರೆ ಎಲ್ಲಿದೆ?

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನನಗೆ ಅದರ ಬಗ್ಗೆ ಬೇಸರವಿಲ್ಲ. ಮೊದಲು ಮನೆಯಿಂದ ಹೊರಗೇ ಬರದಿದ್ದವರು ಈಗ ಒಂದು ಸೌದೆ ಮಚ್ಚು ಕೊಳ್ಳಲು ನರಸೀಪುರದ ಸಂತೆಗೆ ಹೊರಡುತ್ತಾರೆ, ನೋಡಲು ಚೆನ್ನಾಗಿರುತ್ತದೆ. ಆದರೆ ಮುಂಬಾಗಿಲಿನಿಂದ ಹಿಂಬಾಗಿಲಿಗೆ ಹೋಗುವಷ್ಟರಲ್ಲಿ ನನ್ನ ಮೈ ಹಿಂಡಿ ಹಾಕಿದಂತಾಗುತ್ತದೆ. ಚರ್ಮದ ಬ್ಯಾಗಿನ ಪಟ್ಟಿ ಎಡ ಭುಜದ ಮೇಲಿಂದ ಎದೆಗೆ ಅಡ್ಡವಾಗಿ ಇಳಿದು ಬಲಸೊಂಟಕ್ಕೆ ಬರುತ್ತದೆ. ಜನ ಒತ್ತಿದಷ್ಟೂ ಪಟ್ಟಿ ಒತ್ತುತ್ತದೆ. ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿದರೆ ಪಟ್ಟಿಯ ಗುರುತು ಕೆಂಪಗೆ ಎದ್ದಿರುತ್ತದೆ.

ಒಂದು ದಿನ ಸ್ನಾನ ಮಾಡುವಾಗ ಆ ಗುರುತಿನ ಕೆಳಗೆ, ಎಡ ಮೊಲೆಯ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ ಗಂಟೊಂದು ಕೈಗೆ ಸಿಕ್ಕಿತು. ಅವರೆಕಾಳಿನಷ್ಟು. ಒತ್ತಿದರೆ ನೋವಿಲ್ಲ. ನನಗೆ ಭಯವೂ ಆಗಲಿಲ್ಲ. ಯಾಕೆಂದರೆ ನಮ್ಮ ಡಿಪೋದಲ್ಲಿ ಇದಕ್ಕೊಂದು ಹೆಸರೇ ಇದೆ, ಪಟ್ಟಿಗಂಟು. ಹಳೆಯ ಕಂಡಕ್ಟರುಗಳ ಭುಜ ಮುಟ್ಟಿ ನೋಡಿದರೆ ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟಿರುತ್ತದೆ. ಬ್ಯಾಗು ಹೊತ್ತು ಹೊತ್ತು ಬಂದದ್ದು ಅದು, ಸರ್ವಿಸಿನ ಮೆಡಲ್ ಇದ್ದಂತೆ ಅದನ್ನು ತೋರಿಸಿಕೊಳ್ಳುವವರೂ ಇದ್ದಾರೆ. ಅದಕ್ಕೆ ಮದ್ದೂ ಡಿಪೋದಲ್ಲೇ ಇದೆ. ಪಟ್ಟಿಗೆ ಟವೆಲ್ ಸುತ್ತುವುದು, ಹರಳೆಣ್ಣೆ ಬಿಸಿ ಮಾಡಿ ಹಚ್ಚುವುದು, ಭುಜ ಬದಲಿಸುವುದು.

ನನ್ನ ಜೊತೆಗಿರುವ ಡ್ರೈವರ್ ಅಣ್ಣ ರಿಟೈರ್‌ಮೆಂಟಿನ ಹೊಸ್ತಿಲಲ್ಲಿರುವವರು. ಅವರಿಗೆ ಮಾತ್ರ ಹೇಳಿದೆ. ಅದೂ "ಭುಜದ ಹತ್ರ ಒಂದು ಗಂಟಾಗದೆ ಅಣ್ಣ" ಎಂದು.

"ಪಟ್ಟಿಗಂಟು ಕಣವ್ವ ಅದು," ಎಂದರು ಅವರು ಸ್ಟೇರಿಂಗ್ ತಿರುಗಿಸುತ್ತಲೇ. "ಬ್ಯಾಗ ಈಚೆ ಭುಜುಕ್ಕೆ ಆಕ್ಕೊ. ಒಂದೆರಡು ತಿಂಗ್ಳು. ಅದಾಗ್ ಅದೇ ಕರಗೋಯ್ತದೆ."

ಬ್ಯಾಗನ್ನು ಬಲಭುಜಕ್ಕೆ ಹಾಕಿಕೊಂಡೆ. ಬಲಗೈಯವಳಾದ ನಾನು ಎಡಸೊಂಟದಿಂದ ಚಿಲ್ಲರೆ ತೆಗೆಯಲು ಹೋಗಿ ಟಿಕೆಟ್ ಮಷಿನ್ನು ಎರಡು ಸಲ ಕೆಳಗೆ ಬೀಳಿಸಿದೆ. ಹಾಗೂ ಹೀಗೂ ಅಭ್ಯಾಸವಾಯಿತು. ರಾತ್ರಿ ಹರಳೆಣ್ಣೆ ಹಚ್ಚಿಕೊಂಡೆ. ಗಂಟು ಕರಗಲಿಲ್ಲ. ಅವರೆಕಾಳು ಹೋಗಿ ನೆಲ್ಲಿಕಾಯಿಯಾಯಿತು. ಸಂಜೆ ಹೊತ್ತು ಮೈ ಸ್ವಲ್ಪ ಬಿಸಿ ಎನಿಸುತ್ತಿತ್ತು. ಇಂಜಿನ್ ಪಕ್ಕ ನಿಂತವಳಿಗೆ ಮೈ ಬಿಸಿಯಾಗದೆ ಇನ್ನೇನು ಎಂದುಕೊಂಡೆ. ಊಟ ಸೇರುತ್ತಿರಲಿಲ್ಲ. ಖಾಕಿ ಅಂಗಿ ಸಡಿಲವಾಯಿತು. ಅದಕ್ಕಂತೂ ನಾನು ಒಳಗೊಳಗೇ ಖುಷಿಪಟ್ಟೆ. ಮದುವೆಯಾದಾಗಿನಿಂದ ಇಳಿಸಬೇಕೆಂದಿದ್ದ ತೂಕ ಕೊನೆಗೂ ಇಳಿಯಿತಲ್ಲ ಎಂದು ಕನ್ನಡಿ ಮುಂದೆ ಅಡ್ಡಡ್ಡ ತಿರುಗಿ ನೋಡಿಕೊಂಡಿದ್ದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಗಂಟು ಕೆಂಪಾಗಿ ನೋಯತೊಡಗಿದಾಗ ನಂಜನಗೂಡಿನ ಒಂದು ಕ್ಲಿನಿಕ್ಕಿಗೆ ಹೋದೆ. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಹೋಗಿದ್ದೆ. ಅಲ್ಲಿನ ವಯಸ್ಸಾದ ಡಾಕ್ಟರು ಒಳ್ಳೆಯವರು, ಆದರೆ ಗಂಡಸರು. "ಎಲ್ಲಮ್ಮ?" ಎಂದರು. ಅಂಗಿಯ ಮೇಲಿನಿಂದಲೇ ಭುಜದ ಕೆಳಗೆ ಎಲ್ಲೋ ಬೆರಳು ತೋರಿಸಿದೆ. ಬ್ಯಾಗಿನ ಪಟ್ಟಿಯ ಕಥೆಯನ್ನು ಉದ್ದಕ್ಕೆ ಹೇಳಿದೆ. ಅವರೂ ಕೀವುಗಂಟು ಇರಬೇಕೆಂದು ಮಾತ್ರೆ ಬರೆದುಕೊಟ್ಟರು. ತಿಂದೆ. ಒಂದು ವಾರ ಇಳಿದಂತೆ ಕಂಡಿತು, ಮತ್ತೆ ಎದ್ದಿತು. ಡಾಕ್ಟರದ್ದೇನೂ ತಪ್ಪಿಲ್ಲ. ಮುಚ್ಚಿದ ಅಂಗಿಯ ಒಳಗೆ ಏನಿದೆ ಎಂದು ಅವರು ಕಣಿ ಕೇಳಬೇಕಿತ್ತೇ? ದಿನವಿಡೀ ಬಾಯಿ ಮಾಡಿ ಬದುಕುವ ನನಗೆ ಆ ಒಂದು ಪದ ಬಾಯಿಗೆ ಬರಲಿಲ್ಲ, ಅಷ್ಟೆ.

ಆಮೇಲೆ ಗಂಟು ಒಂದು ಕಡೆ ತಾನೇ ಬಾಯಿ ಬಿಟ್ಟಿತು. ಸಣ್ಣ ತೂತು, ಅದರಿಂದ ನೀರು ನೀರಾದ ಕೀವು. ಹತ್ತಿ ಇಟ್ಟು ಅದರ ಮೇಲೆ ಕರವಸ್ತ್ರ ಮಡಿಸಿಟ್ಟು ಡ್ಯೂಟಿಗೆ ಹೋಗುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗಂಡ ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್, ಮಳೆ ಬಂದರೆ ಸಾಕು ಕಂಬ ಹತ್ತಲು ಓಡಬೇಕು. ಮಗಳು ಎಂಟನೇ ಕ್ಲಾಸು. ಅತ್ತೆಗೆ ಹೇಳಿದರೆ ಮೂಗೂರಿನಲ್ಲಿರುವ ಅವರ ತಂಗಿಗೆ ಫೋನು, ಅಲ್ಲಿಂದ ಇಡೀ ಬಳಗಕ್ಕೆ.

ಆದರೆ ನಮ್ಮತ್ತೆಗೆ ಒಂದು ಹಟ. ಮನೆಯಲ್ಲಿ ವಾಷಿಂಗ್ ಮಷಿನ್ ಇದ್ದರೂ ಅದರಲ್ಲಿ ಹಾಕಿದ ಬಟ್ಟೆ ಒಗೆದ ಹಾಗೆ ಅಲ್ಲ ಎನ್ನುತ್ತಾರೆ. ಹಿತ್ತಲಲ್ಲಿ ಕಲ್ಲಿಟ್ಟುಕೊಂಡು ಕೈಯಲ್ಲೇ ಒಗೆಯುತ್ತಾರೆ. ಒಂದು ಭಾನುವಾರ ಅಲ್ಲಿಂದ ಕೂಗಿದರು.

"ಅಮ್ಮಿ, ಇಲ್ಲ್ ಬಾ. ರವಿಕೆ ಮ್ಯಾಲೆ ಇದ್ಯಾನ ಕಲೆ?"

"ಟೀ ಚೆಲ್ಲಿತ್ತು ಅತ್ತೆ."

"ಟೀ ಒಳಗಡಿಂದ ಚೆಲ್ತದಾ?"

ಅವರು ಕೈ ಒರೆಸಿಕೊಂಡು ನನ್ನನ್ನು ಬಚ್ಚಲಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿ, "ತೆಗಿ" ಎಂದರು. ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅವರ ಮುಖ ಸಣ್ಣದಾಯಿತು. ಅದನ್ನು ನೋಡಿಯೇ ನನಗೆ ಮೊದಲ ಸಲ ಭಯವಾದದ್ದು.

"ಇದು ಪಟ್ಟಿ ಒತ್ತಿ ಆದುದ್ದಲ್ಲ ಕಣಮ್ಮಿ," ಎಂದರು. "ನಾಳಿಕೆ ರಜಾ ಆಕು. ನರಸೀಪುರ್ದ ದೊಡ್ಡಾಸ್ಪತ್ರೇಲಿ ಹೆಣ್ಣು ಡಾಕ್ಟ್ರು ಅವ್ರೆ. ನಾನೂ ಬತ್ತೀನಿ."

ನನ್ನದೇ ರೂಟಿನಲ್ಲಿ, ಬೇರೆ ಕಂಡಕ್ಟರ್ ಇದ್ದ ಬಸ್ಸಿನಲ್ಲಿ, ಅತ್ತೆಯ ಪಕ್ಕದ ಸೀಟಿನಲ್ಲಿ ಪ್ಯಾಸೆಂಜರ್ ಆಗಿ ಕೂತು ಹೋದೆ. ಆತ ಟಿಕೆಟ್ ಕೊಡುವುದರಲ್ಲಿ ತುಂಬ ನಿಧಾನ. ಆ ಸ್ಥಿತಿಯಲ್ಲೂ ನನಗೆ ಸಿಟ್ಟು ಬರುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಚುರುಕು ಮಾತು. ನಾನು ಮತ್ತೆ "ಬ್ಯಾಗಿನ ಪಟ್ಟಿ ಒತ್ತಿ ಒತ್ತಿ" ಎಂದು ಶುರುಮಾಡಿದ ಕೂಡಲೆ ಕೈ ಅಡ್ಡ ಹಿಡಿದರು.

"ಪಟ್ಟಿ ಕಥೆ ಆಮೇಲೆ ಕೇಳ್ತೀನಿ. ಮೊದಲು ತೋರಿಸಿ."

ಪರದೆಯ ಹಿಂದೆ ಮಲಗಿಸಿ ನೋಡಿದರು. ಒಂದನ್ನಲ್ಲ, ಎರಡೂ ಕಡೆ ನೋಡಿದರು, ಕಂಕುಳಿನಲ್ಲಿ ಬೆರಳಿಟ್ಟು ಹುಡುಕಿದರು. ಎಡಗಂಕುಳಿನಲ್ಲೂ ಸಣ್ಣ ಸಣ್ಣ ಗಂಟು ಇದ್ದವಂತೆ, ನನಗೆ ಗೊತ್ತೇ ಇರಲಿಲ್ಲ. ಎದೆಹಾಲು ಕುಡಿಸುತ್ತಿದ್ದೀರಾ ಎಂದು ಕೇಳಿದರು. ಮಗಳು ಎಂಟನೇ ಕ್ಲಾಸು ಎಂದೆ. ಸಂಜೆ ಜ್ವರ ಬರುತ್ತಾ, ತೂಕ ಇಳಿದಿದೆಯಾ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ ಎಂದೆಲ್ಲ ಕೇಳಿದರು. ಕೊನೆಗೆ ಕೈ ತೊಳೆದುಕೊಂಡು ಬಂದು ನೇರವಾಗಿ ಹೇಳಿದರು.

"ಇದು ಬರೀ ಕೀವುಗಂಟಿರಬಹುದು, ಇಲ್ಲಾ ಕ್ಯಾನ್ಸರ್ ಇರಬಹುದು, ಇಲ್ಲಾ ಟಿಬಿ ಇರಬಹುದು. ಮೂರೂ ನೋಡೋಕೆ ಒಂದೇ ಥರ ಇರ್ತವೆ. ಕೈಯಲ್ಲಿ ಮುಟ್ಟಿ ಇದೇ ಅಂತ ಹೇಳೋಕಾಗಲ್ಲ. ಮೈಸೂರಿಗೆ ಬರೆದುಕೊಡ್ತೀನಿ, ಸ್ಕ್ಯಾನ್ ಆಗಲಿ, ಸೂಜಿ ಹಾಕಿ ನೋಡಲಿ."

ಅವರು ಮೂರು ಹೇಳಿದರು, ನನ್ನ ಕಿವಿಗೆ ಬಿದ್ದದ್ದು ನಡುವಿನದೊಂದೇ. ಅತ್ತೆಗೂ ಅಷ್ಟೇ ಎಂದು ಕಾಣುತ್ತದೆ. ವಾಪಸ್ ಬರುವಾಗ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅದೇ ಮೊದಲು.

ಅವತ್ತು ರಾತ್ರಿ ಗಂಡನಿಗೆ ಹೇಳಿದೆ. ಕೆಲಸದಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕೂತಿದ್ದವರು ಮುದ್ದೆಯನ್ನು ಹಾಗೇ ಬಿಟ್ಟರು. ಮೈಸೂರಿಗೆ ಇಬ್ಬರೂ ಹೋದೆವು. ಸ್ಕ್ಯಾನ್ ಆಯಿತು, ಸೂಜಿ ಹಾಕಿದರು. ಸೂಜಿಯಲ್ಲಿ ಬಂದದ್ದು ಬರೀ ಕೀವು, ಅದರಿಂದ ಏನೂ ತಿಳಿಯಲಿಲ್ಲ. ಅಲ್ಲಿನ ಸರ್ಜನ್ ಸ್ಕ್ಯಾನಿನ ಚಿತ್ರ ಬೆಳಕಿಗೆ ಹಿಡಿದು ನೋಡಿ, ಕಂಕುಳಿಗೂ ಹರಡಿದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತೇವೆ, ಹೆಚ್ಚು ಪಾಲು ಮೊಲೆ ಪೂರ್ತಿ ತೆಗೆಯಬೇಕಾಗುತ್ತದೆ, ತಡ ಮಾಡುವುದು ಬೇಡ, ಆಪರೇಷನ್ನಿಗೆ ದಿನವನ್ನೂ ಈಗಲೇ ಗೊತ್ತುಮಾಡಿಕೊಂಡು ಹೋಗಿ ಎಂದರು.

ದಾರಿಯಲ್ಲಿ ಗಂಡ ನನ್ನ ಕೈ ಹಿಡಿದುಕೊಂಡು ಹೇಳಿದರು, "ಓದ್ರೆ ಓಗ್ಲಿ ಬುಡು. ಜೀವ ಉಳುದ್ರೆ ಸಾಕು. ಅದೇನು ಮುಖ್ಯ ಅಲ್ಲ."

"ನಿಮ್ದೇನಾದ್ರೂ ಕುಯ್ತಾರಾ?" ಎಂದೆ. "ನಿಮ್ದಾಗಿದ್ರೆ ಮುಖ್ಯ ಆಗ್ತಿತ್ತು."

ಅವರು ಪಾಪ, ಹಿಡಿದಿದ್ದ ಕೈ ಬಿಟ್ಟರು. ಆದರೆ ನಾನು ಸಿಟ್ಟಿಗೆ ಹೇಳಿದ್ದಲ್ಲ, ನಿಜಕ್ಕೂ ಹೇಳಿದ್ದು. ಎಲ್ಲರೂ ಜೀವ ಜೀವ ಎನ್ನುತ್ತಿದ್ದರು. ನನಗೂ ಜೀವ ಬೇಕಿತ್ತು, ಆದರೆ ನನಗೆ ಅದೂ ಬೇಕಿತ್ತು. ನನ್ನ ಮಗಳು ಬಲಗಡೆ ಬಾಯಿ ಹಾಕದೆ ಹಟ ಮಾಡಿ ಎಡಗಡೆಯೇ ಕುಡಿದು ಬೆಳೆದವಳು. ಯಾಕೆ ಬೇಕು ಎಂದು ಕೇಳಿದರೆ ನನ್ನ ಹತ್ತಿರ ಅಂಥ ದೊಡ್ಡ ಕಾರಣವೇನೂ ಇಲ್ಲ. ಅದು ನನ್ನದು. ಅಂಗಿ ಹಾಕಿಕೊಂಡರೆ ಖಾಕಿಯೊಳಗೆ ಯಾರಿಗೂ ಕಾಣಿಸದು, ನನಗೆ ಕಾಣಿಸುತ್ತದೆ. ಹೀಗೆ ಒಳಗೇ ವಾದ ಮಾಡಿಕೊಂಡು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ಯಾರಿಗೂ ಕೇಳಿಸಬಾರದೆಂದು ನಲ್ಲಿಯನ್ನು ಜೋರಾಗಿ ತಿರುಗಿಸಿದ್ದೆ. ಟ್ಯಾಂಕು ಖಾಲಿಯಾಯಿತೆಂದು ಮರುದಿನ ಅತ್ತೆ ಗೊಣಗಿದರು.

ಆಪರೇಷನ್ನಿನ ದಿನ ಗೊತ್ತಾಗಿದೆ ಎಂದು ಹೇಳಿಬರಲು ನರಸೀಪುರದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಕಾಗದಗಳನ್ನೆಲ್ಲ ತಿರುವಿ ನೋಡಿದರು.

"ಚೂರು ತೆಗೆದು ಕಳಿಸಿದ್ದು ರಿಪೋರ್ಟ್ ಬಂತಾ?"

"ಚೂರೇ ಇನ್ನೂ ತೆಗ್ದಿಲ್ಲ ಡಾಕ್ಟ್ರೇ. ಗುರುವಾರ ಬನ್ನಿ ಅಂದವ್ರೆ."

"ಹಾಗಾದ್ರೆ ಆಪರೇಷನ್ ಮಾತು ಯಾಕೆ? ಅದೇನು ಅಂತ ಗೊತ್ತಾಗೋವರೆಗೆ ಯಾರೂ ಏನೂ ತೆಗೆಯೋದು ಬೇಡ." ಅಲ್ಲೇ ಫೋನು ಎತ್ತಿ ಮೈಸೂರಿನ ಸರ್ಜನ್ ಜೊತೆ ಮಾತಾಡಿದರು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ನನಗೆ ಅರ್ಥವಾದದ್ದು ಇಷ್ಟು. ತೆಗೆದ ಮಾಂಸದಲ್ಲಿ ಒಂದು ಪಾಲು ಕ್ಯಾನ್ಸರ್ ನೋಡುವ ಲ್ಯಾಬಿಗೆ ಹೋಗಲಿ, ಇನ್ನೊಂದು ಪಾಲು ಟಿಬಿ ನೋಡುವ ಲ್ಯಾಬಿಗೆ ಹೋಗಲಿ. ಸರ್ಜನ್ ಕೂಡ ಒಪ್ಪಿದರು. ಫೋನಿಟ್ಟು ನನ್ನ ಕಡೆ ತಿರುಗಿ, "ನಾನು ಏನೂ ಭರವಸೆ ಕೊಡ್ತಿಲ್ಲ, ಆಯ್ತಾ? ನೋಡೋಣ ಅಂತ ಮಾತ್ರ ಹೇಳ್ತಿದ್ದೀನಿ," ಎಂದರು. ಅಷ್ಟೇ ಸಾಕಾಗಿತ್ತು ನನಗೆ. ಆ ಒಂದು 'ನೋಡೋಣ' ಹಿಡಿದುಕೊಂಡು ಮನೆಗೆ ಬಂದು ಹಲವು ದಿನದ ನಂತರ ಹೊಟ್ಟೆ ತುಂಬ ಉಂಡೆ.

ಚೂರು ತೆಗೆದರು. ಕಾದೆವು. ಆ ಕಾಯುವಿಕೆಯ ಬಗ್ಗೆ ಹೆಚ್ಚು ಬರೆಯಲಾರೆ. ಮಗಳ ಯೂನಿಫಾರ್ಮಿಗೆಲ್ಲ ಗುಂಡಿ ಹೊಲಿದೆ, ಉದುರದಿದ್ದವಕ್ಕೂ ಹೊಲಿದೆ. ಗಂಡ ಮನೆಯ ವೈರಿಂಗ್ ಎಲ್ಲ ಬಿಚ್ಚಿ ಮತ್ತೆ ಹಾಕಿದರು. ಅತ್ತೆ ಶ್ರೀಕಂಠೇಶ್ವರನ ಗುಡಿಗೆ ಹೋಗಿ ಉರುಳುಸೇವೆ ಹೇಳಿಕೊಂಡು ಬಂದರು. ಯಾರು ಉರುಳುವುದು ಎಂದರೆ ನೀನೇ, ವಾಸಿಯಾದ ಮೇಲೆ, ಎಂದರು.

ರಿಪೋರ್ಟು ಬಂದಿದೆ ಎಂದು ನರಸೀಪುರದಿಂದ ಫೋನು ಬಂತು. ಗಂಡ, ನಾನು ಹೋದೆವು. ಡಾಕ್ಟರಮ್ಮ ನಮ್ಮನ್ನು ಕೂರಿಸುವ ಮೊದಲೇ ಹೇಳಿಬಿಟ್ಟರು.

"ಟಿಬಿ."

"ಕ್ಯಾನ್ಸರ್ ಅಲ್ವಾ?"

"ಅಲ್ಲ. ಎರಡೂ ಲ್ಯಾಬಿನದೂ ಬಂದಿದೆ. ಟಿಬಿನೇ."

"ಹಂಗಾದ್ರೆ ತೆಗೀಬೇಕಾ?"

"ಏನನ್ನ? ಏನೂ ತೆಗೆಯೋದು ಬೇಡ. ಆರು ತಿಂಗಳು ಮಾತ್ರೆ ತಿನ್ನಿ. ಒಂದು ದಿನವೂ ತಪ್ಪಿಸಬಾರದು."

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ತಡೆಯಲಾಗಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದವರಿಗೆಲ್ಲ, ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು ಎನ್ನುವ ಹಾಗೆ, "ಟಿಬಿ ಕಣ್ರೀ, ಟಿಬಿ!" ಎಂದು ಹೇಳಿದೆ. ಒಬ್ಬ ಮುದುಕಪ್ಪ ಎದ್ದು ದೂರ ಹೋಗಿ ಕೂತ. ಗಂಡ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಮಳೆಯಲ್ಲಿ, ಗಾಳಿಯಲ್ಲಿ ಕಂಬ ಹತ್ತುವ ಮನುಷ್ಯ. ನನಗೆ ಅವರ ಮೇಲೆ ಅವತ್ತು ಬಂದ ಪ್ರೀತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಮಸಾಲೆದೋಸೆ ತಿಂದೆವು. ಆಮೇಲೆ ಕಾವೇರಿ ಕಪಿಲೆ ಕೂಡುವಲ್ಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತು, ನೀರಿಗೆ ಕಾಲು ಬಿಟ್ಟುಕೊಂಡು, ಹೊತ್ತು ಕಳೆದೆವು.

ಅತ್ತೆಗೆ ಮಾತ್ರ ಈ ಸುದ್ದಿ ಅರಗಲಿಲ್ಲ. ಕ್ಯಾನ್ಸರ್ ಅಲ್ಲ ಎಂದಾಗ ದೇವರ ಪಟಕ್ಕೆ ಕೈ ಮುಗಿದವರು, ಟಿಬಿ ಎಂದಾಗ ಕೈ ಕೆಳಗಿಳಿಸಿದರು.

"ಟಿಬಿ ಅಂದ್ರೆ ಕೆಮ್ಮು. ಅದು ಅಲ್ಲಿಗೆಂಗೋಯ್ತು? ದಾರಿ ಗೀರಿ ತಪ್ಪಿ ಬಂದದಾ?" ಎಂದರು. "ನಮ್ಮ ಮನೇಲಿ ಬೀಡಿ ಸೇದೋರಿಲ್ಲ, ಕುಡಿಯೋರಿಲ್ಲ."

ಡಾಕ್ಟರಮ್ಮ ನನಗೆ ಹೇಳಿದ್ದನ್ನೇ ನಾನು ಅವರಿಗೆ ಹೇಳಿದೆ. ಆ ರೋಗದ ಬೀಜ ಎಂದೋ ಒಂದು ದಿನ ಉಸಿರಿನಲ್ಲಿ ಒಳಗೆ ಹೋಗಿರುತ್ತದೆ, ಸುಮ್ಮನೆ ಕೂತಿರುತ್ತದೆ, ಮೈ ಸೋತಾಗ ಎಲ್ಲಾದರೂ ಏಳುತ್ತದೆ. ಹೆಚ್ಚಿನವರಿಗೆ ಶ್ವಾಸಕೋಶದಲ್ಲಿ, ಕೆಲವರಿಗೆ ಕುತ್ತಿಗೆಯ ಗಂಟಿನಲ್ಲಿ, ಬೆನ್ನಿನ ಮೂಳೆಯಲ್ಲಿ, ಅಪರೂಪಕ್ಕೆ ಇಲ್ಲಿ. ನನ್ನ ಎದೆಯ ಎಕ್ಸ್‌ರೇ, ಕಫ ಎರಡೂ ಚೆನ್ನಾಗಿದ್ದವು. ನನ್ನಿಂದ ಯಾರಿಗೂ ಅಂಟುವ ಮಾತಿಲ್ಲ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಹೂಂ ಎಂದು, ಅವತ್ತು ರಾತ್ರಿ ನನಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಆ ತಟ್ಟೆಯನ್ನು ಅವರ ಮುಂದಕ್ಕೆ ತಳ್ಳಿ, ಅವರ ತಟ್ಟೆಯನ್ನು ಎಳೆದುಕೊಂಡು ಉಂಡೆ. ಅವರು ಕಣ್ಣು ಬಿಟ್ಟುಕೊಂಡು ನೋಡಿದರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ವಾರ ಆಶಾ ಕಾರ್ಯಕರ್ತೆ ಬಂದು ಮನೆಯವರನ್ನೆಲ್ಲ ಪರೀಕ್ಷೆಗೆ ಕರೆದುಕೊಂಡು ಹೋದಳು. ಯಾರಿಗೂ ಏನೂ ಇರಲಿಲ್ಲ. ತಟ್ಟೆಗಳು ಮತ್ತೆ ಒಂದಾದವು.

ಆಮೇಲೆ ನಮ್ಮತ್ತೆ ಪೊಲೀಸಾದರು. ಬೆಳಗ್ಗೆ ಎದ್ದ ಕೂಡಲೆ "ಮಾತ್ರೆ ನುಂಗ್ದಾ?" ಎಂದೇ ಮೊದಲ ಮಾತು. ನುಂಗಿದೆ ಎಂದರೆ ಸಾಲದು, ಬಾಯಿ ತೆರೆದು ತೋರಿಸಬೇಕು. ದಿನಕ್ಕೆರಡು ಮೊಟ್ಟೆ. ಮಾತ್ರೆ ಶುರುವಾದ ಹೊಸದರಲ್ಲಿ ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದು ನಾನು ಬಚ್ಚಲಿನಿಂದಲೇ ಚೀರಿದ್ದೆ; ಹೀಗಾಗುತ್ತದೆಂದು ಡಾಕ್ಟರಮ್ಮ ಹೇಳಿದ್ದನ್ನು ಮರೆತಿದ್ದೆ. ವಾಕರಿಕೆ ಬಂದ ದಿನಗಳೂ ಇದ್ದವು. ಆದರೆ ಹಸಿವು ಬಂತು, ಸಂಜೆಯ ಜ್ವರ ನಿಂತಿತು, ತೂತು ಒಣಗುತ್ತ ಬಂತು. ನಿಧಾನವಾಗಿ ಗಂಟು ಸಣ್ಣದಾಗುವುದನ್ನು ದಿನಾ ಬೆರಳಲ್ಲಿ ನೋಡಿಕೊಳ್ಳುವುದೇ ನನಗೊಂದು ಸಂತೋಷವಾಯಿತು. ಖಾಕಿ ಅಂಗಿ ಬಿಗಿಯಾಯಿತು. ಅದಕ್ಕೂ ಖುಷಿಪಟ್ಟೆ.

ಮೈ ಸುಧಾರಿಸಿದ ಮೇಲೆ ಡಾಕ್ಟರಮ್ಮನ ಒಪ್ಪಿಗೆ ಪಡೆದು ಡ್ಯೂಟಿಗೆ ಮರಳಿದೆ. ಆ ಗಂಟು ಟಿಬಿಯಂತೆ ಎಂದು ಡ್ರೈವರ್ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದೆ. ಅವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ರೂಟಿಗೆಲ್ಲ ಸುದ್ದಿ ಮುಟ್ಟಿತ್ತು. ಕೆಲವರು ಹೇಗಿದ್ದೀಯವ್ವ ಎಂದು ಬಾಯಿ ತುಂಬ ವಿಚಾರಿಸಿದರು. ಕೆಲವರು ಬಸ್ ಹತ್ತಿದವರೇ ಮುಖಕ್ಕೆ ಸೆರಗು ಹಿಡಿದರು. ನನ್ನ ತಲೆಯಲ್ಲೂ ಒಂದು ಹುಳ ಹೊಕ್ಕಿತ್ತು. ಉಸಿರಿನಲ್ಲಿ ಬಂದದ್ದು ಎಂದ ಮೇಲೆ ಯಾರೋ ಒಬ್ಬರು ನನಗೆ ಅಂಟಿಸಿರಬೇಕಲ್ಲ? ಈ ಬಸ್ಸಿನಲ್ಲೇ, ಈ ನೂಕುನುಗ್ಗಲಿನಲ್ಲೇ ಇರಬೇಕು. ಯಾರು ಕೆಮ್ಮಿದರೂ ತಿರುಗಿ ನೋಡುತ್ತಿದ್ದೆ. "ಬಾಯಿಗೆ ಬಟ್ಟೆ ಇಡ್ಕೊಳ್ರೀ" ಎಂದು ಗದರುತ್ತಿದ್ದೆ. ಅಂಟಿಸಿದವರು ಸಿಕ್ಕಿದ್ದರೆ ಅವರನ್ನು ಅಲ್ಲೇ ಇಳಿಸಿ, ಮೂರು ತಲೆಮಾರು ಎತ್ತಿ ಬೈದು, ಆಮೇಲೆ ರೈಟ್ ಹೇಳುತ್ತಿದ್ದೆ.

ನಮ್ಮ ಬಸ್ಸಿಗೆ ದೇವನೂರಿನ ಕಡೆಯ ಒಬ್ಬ ಹೆಂಗಸು ದಿನಾ ಬರುತ್ತಾರೆ. ಐವತ್ತರ ಆಸುಪಾಸು. ನರಸೀಪುರದಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುವ ಕೆಲಸ; ಬಸ್ ಸ್ಟ್ಯಾಂಡಿಗೆ ಒಂದು ಸ್ಟಾಪ್ ಮುಂಚೆ ಇಳಿಯುತ್ತಾರೆ. ನಾನು ಕಾಯಿಲೆ ಬೀಳುವ ಮೊದಲು ಆಧಾರ್ ಕಾರ್ಡು ತೋರಿಸುವಾಗ ನನ್ನ ಕೈಯನ್ನು ಒಮ್ಮೆ ಹಿಡಿದೇ ಬಿಡುತ್ತಿದ್ದವರು. "ಉಂಡ್ಯವ್ವ?" ಎನ್ನುತ್ತಿದ್ದರು. ಈಗ ಮಾತಿಲ್ಲ. ಕಾರ್ಡನ್ನು ಮುಂದಿನ ಸೀಟಿನ ಕಂಬಿಯ ಮೇಲೆ ಹಿಡಿದು ತೋರಿಸಿ ಕೈ ಎಳೆದುಕೊಳ್ಳುತ್ತಾರೆ. ಟಿಕೆಟ್ ಕೊಟ್ಟರೆ ಕೈ ಚಾಚುವುದಿಲ್ಲ. ನಾಲ್ಕೈದು ದಿನ ನೋಡಿದೆ. ಎಲ್ಲರೂ ಮಾಡಿದ್ದಕ್ಕಿಂತ ಈಯಮ್ಮ ಮಾಡಿದ್ದು ನನಗೆ ಹೆಚ್ಚು ಚುಚ್ಚಿತು.

ಒಂದು ಬೆಳಗ್ಗೆ ಬಸ್ಸು ಕಿಕ್ಕಿರಿದಿತ್ತು. ಟಿಕೆಟ್ ಚಾಚಿದೆ.

"ಅಲ್ಲೇ ಸೀಟ್ ಮ್ಯಾಲೆ ಮಡುಗವ್ವ. ನಾನು ಎತ್ಕತೀನಿ," ಎಂದರು.

ನನಗೆ ರೇಗಿತು. ರೇಗಿದರೆ ನನ್ನ ಗಂಟಲು ಹಿಂಬಾಗಿಲಿನವರೆಗೂ ಕೇಳುತ್ತದೆ.

"ಯಾಕೆ, ನನ್ ಕೈ ಮುಟ್ಟಿದ್ರೆ ಸತ್ತೋಗ್ತೀರಾ? ನಂಗೆ ಬಂದಿದ್ದು ಮೊಲೆ ಟಿಬಿ. ಹಿಂದಗಡೆಯವರ್ಗೂ ಕೇಳುಸ್ತಾ? ಮೊಲೆ! ಎಲ್ಲಾ ಹೆಂಗಸ್ರಿಗೂ ಇರೋದೇ. ಕ್ಯಾನ್ಸರ್ ಅಂತ ಕುಯ್ಸಕೋಬೇಕಿತ್ತು, ಪರೀಕ್ಷೆ ಮಾಡಿದ್ದಕ್ಕೆ ಉಳೀತು. ನನ್ ಶ್ವಾಸಕೋಶ ಚೆನ್ನಾಗದೆ. ಇದು ಕೈ ಮುಟ್ಟಿದ್ರೆ ಬರಲ್ಲ, ಟಿಕೆಟ್ ಮುಟ್ಟಿದ್ರೆ ಬರಲ್ಲ, ಪಕ್ಕದಲ್ಲಿ ಕೂತ್ರೂ ಬರಲ್ಲ. ಡಾಕ್ಟ್ರು ಹೇಳವ್ರೆ. ನಂಬಿಕೆ ಇಲ್ದೋರು ಇಳ್ದು ಆಟೋಲಿ ಬನ್ನಿ!"

ಕಾಲೇಜು ಹುಡುಗರು ಕಿಟಕಿಯಾಚೆಯ ಭತ್ತದ ಗದ್ದೆಯನ್ನು ಹಿಂದೆಂದೂ ಕಾಣದವರಂತೆ ನೋಡತೊಡಗಿದರು. ಡ್ರೈವರ್ ಅಣ್ಣ ಖಾಲಿ ರಸ್ತೆಯಲ್ಲಿ ಸುಮ್ಮನೆ ಹಾರ್ನ್ ಹೊಡೆದರು. ಆಯಮ್ಮ ತಲೆ ತಗ್ಗಿಸಿ ಕೂತರು. ಟಿಕೆಟನ್ನು ಸೀಟಿನ ಮೇಲೆ ಎಸೆದು ನಾನು ಮುಂದೆ ಹೋದೆ. ಮನಸ್ಸು ಹಗುರವಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟು ದಿನ ಒಳಗಿದ್ದದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದೆ.

ಅವರ ಸ್ಟಾಪು ಬಂತು. ಅವರು ಏಳಲಿಲ್ಲ. ಸ್ಟ್ಯಾಂಡಿನಲ್ಲಿ ಬಸ್ಸು ನಿಂತು ಜನ ಎಲ್ಲ ಇಳಿದರು. ಆಯಮ್ಮ ಅಲ್ಲೇ ಕೂತಿದ್ದರು.

"ಏನು, ಇಳಿಯಲ್ವಾ?" ಎಂದೆ, ಇನ್ನೂ ಬಿಗಿಯಾಗಿಯೇ.

ಅವರು ಸುತ್ತ ನೋಡಿದರು. ಡ್ರೈವರ್ ಅಣ್ಣ ಟೀ ಕುಡಿಯಲು ಇಳಿದು ಹೋಗಿದ್ದರು.

"ಕೈ ಮುಟ್ಟುದ್ರೆ ಬರಾಕಿಲ್ಲ ಅಂದ್ಯಲ್ಲವ್ವ. ಅದು ದಿಟವಾ?"

"ದಿಟ."

"ಡಾಕ್ಟ್ರೇ ಏಳುದ್ರಾ?"

"ಡಾಕ್ಟ್ರೇ ಹೇಳಿದ್ದು."

ಅವರ ಕಣ್ಣಲ್ಲಿ ನೀರು ದಳದಳ ಸುರಿಯಿತು. ಸೆರಗಿನ ಒಳಗೆ ಕೈಯಿಟ್ಟು ಬಲಗಡೆ ಒತ್ತಿ ಹಿಡಿದುಕೊಂಡರು.

"ನಂಗೂ ಅದೆ ಕಣವ್ವ, ಗಂಟು. ನಿಂಗಿಂತ ಮೊದ್ಲಿಂದ್ಲೂ ಅದೆ. ಯಾರ್ಗೂ ಏಳಿಲ್ಲ. ದಿನಾ ನಿನ್ ಕೈ ಇಡ್ಕತಿದ್ದೆ. ನಿಂಗಾಗದೆ ಅಂದಾಗ, ನಂದೇ ನಿಂಗೆ ಅಂಟ್ಕತು ಅಂದ್ಕಂಡೆ. ನನ್ ಪಾಪ ಈ ಮಗಿಗೆ ಸುತ್ಕತಲ್ಲ ಅಂತ ನಿದ್ದೆ ಬತ್ತಿರ್ನಿಲ್ಲ. ಇನ್ನೊಂದ್ಸಲ ಅಂಟುಸ್ಬಾರ್ದು ಅಂತ ಕೈ ಕೊಡ್ನಿಲ್ಲ ಕಣವ್ವ. ಅಸಹ್ಯ ಪಟ್ಕಂಡಲ್ಲ."

ನನಗೆ ಅಂಟಿಸಿದವರು ಯಾರೆಂದು ನಾನು ಊರಿನ ಕೆಮ್ಮನ್ನೆಲ್ಲ ಹುಡುಕುತ್ತಿದ್ದಾಗ, ಅಂಟಿಸದ ಈ ಜೀವ ಅದನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ನನ್ನ ಬಸ್ಸಿನಲ್ಲೇ ಕೂತಿತ್ತು. ಅವರ ಪಕ್ಕ ಕೂತೆ. ಅವರ ಎರಡೂ ಕೈ ಹಿಡಿದುಕೊಂಡೆ. ಸೋಪಿನ ನೀರಿನಲ್ಲಿ ಬಿರಿದ ಒರಟು ಕೈ. ಅವು ಮೊದಲು ಹಿಂದಕ್ಕೆ ಎಳೆದುಕೊಂಡವು, ನಾನು ಬಿಡಲಿಲ್ಲ.

ಮುಂದಿನ ಟ್ರಿಪ್ಪಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಇಲ್ಲದಿದ್ದರೂ ಬಸ್ಸು ಕಾಯುತ್ತಿತ್ತು. ಟೀ ಅಂಗಡಿಯ ಮುಂದೆ ನಿಂತಿದ್ದ ಡ್ರೈವರ್ ಅಣ್ಣನಿಗೆ, 'ಆಸ್ಪತ್ರೆಗೆ ಹೋಗಿ ಬತ್ತೀನಿ' ಎಂದು ಕೂಗಿ ಹೇಳಿ, ಆಯಮ್ಮನ ಕೈ ಹಿಡಿದುಕೊಂಡೇ ಬಸ್ಸಿಳಿದೆ.